ಟ್ರೇಲರ್ ಎಳೆಯೋಕೆ ಹಳೆ ಎಫ್-150: ಮೊದಲು ಬಾಗಿಲ ಚೀಟಿ ಓದಿ

ನಾಲ್ಕು ಜನರ ಸಂಸಾರ, ಸಾಮಾನು ತುಂಬಿದ ಮೇಲೆ 6,500 ಪೌಂಡ್ ತೂಗುವ ಕ್ಯಾಂಪಿಂಗ್ ಟ್ರೇಲರ್, ಇದಕ್ಕೆ 2018ರ ಫೋರ್ಡ್ ಎಫ್-150 ಪಿಕಪ್ ಸಾಕಾ ಅಂತ ಕೇಳಿದ್ದೀರಿ. ಅದರ 3.5 ಲೀಟರ್ ಇಕೋಬೂಸ್ಟ್ (ಟರ್ಬೊ ಪೆಟ್ರೋಲ್) ಎಂಜಿನ್‌ಗೆ ಈ ತೂಕ ಹೆಚ್ಚಲ್ಲ. ಎಡವೋದು ಪೇಲೋಡ್‌ನಲ್ಲಿ, ಅಂದರೆ ಗಾಡಿ ತನ್ನ ಮೇಲೆ ಹೊರಬಹುದಾದ ತೂಕದಲ್ಲಿ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಬಣ್ಣದ ಚೀಟಿ ಇರುತ್ತೆ. ಜನ, ಸಾಮಾನು ಸೇರಿ ಎಷ್ಟು ಹೊರಬಹುದು ಅನ್ನೋದು ಅದರಲ್ಲಿದೆ. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಈ ಅಂಕಿ ಬೇರೆ ಇರಬಹುದು, ಜಾಹೀರಾತಿನ ಲೆಕ್ಕ ನಂಬಬೇಡಿ. ಟ್ರೇಲರ್ ತೂಕದ ಶೇ. 13, ಅಂದರೆ ಸುಮಾರು 850 ಪೌಂಡ್, ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತೆ, ಅದೂ ಪೇಲೋಡ್ ಲೆಕ್ಕಕ್ಕೇ ಸೇರುತ್ತೆ. ಜನ 600, ಭಾರವನ್ನು ಎಲ್ಲ ಚಕ್ರಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ 100, ಹಿಂದಿನ ಸಾಮಾನು 150. ಒಟ್ಟು 1,700. ಚೀಟಿಯಲ್ಲಿ 1,500 ಇದ್ದರೆ ಆ ಗಾಡಿ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿರಲಿ.

ನೋಡೋಕೆ ಬೆಳಿಗ್ಗೆಯೇ ಹೋಗಿ. ಬಾನೆಟ್ ಮುಟ್ಟಿ, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಮೊದಲ ಒಂದೆರಡು ಸೆಕೆಂಡ್ ಗರಗರ ಅಂದರೆ ಕ್ಯಾಮ್ ಫೇಸರ್ (ಎಂಜಿನ್ ವಾಲ್ವ್‌ಗಳ ಸಮಯ ಹೊಂದಿಸುವ ಭಾಗ) ಮೇಲೆ ಅನುಮಾನ ಪಡಿ, ಅದು ದೊಡ್ಡ ಖರ್ಚಿನ ಕೆಲಸ. ಬಿಸಿ ಎಂಜಿನ್‌ನಲ್ಲಿ ಈ ಸದ್ದು ಅಡಗಿಬಿಡುತ್ತೆ. ಹಿಂದಿನ ಬಂಪರ್ ಹತ್ತಿರ ಟ್ರೇಲರ್‌ನ ಲೈಟ್, ಬ್ರೇಕ್‌ಗೆ ವಿದ್ಯುತ್ ಕೊಡುವ 7 ಪಿನ್ ಸಾಕೆಟ್, ಒಳಗೆ ಟ್ರೇಲರ್ ಬ್ರೇಕನ್ನು ನಿಯಂತ್ರಿಸುವ ಕಂಟ್ರೋಲರ್ ಇದೆಯಾ ನೋಡಿ. ಕಂಟ್ರೋಲರ್ ಇಲ್ಲದಿದ್ದರೆ ಹೊರಗಿಂದ ಹಾಕಿಸಬಹುದು, ಪೇಲೋಡ್ ಹಾಗೆ ಹಾಕಿಸೋಕಾಗಲ್ಲ.