ಶೀತದ ಬಳಿಕ ವಾಸನೆ ತಿಳಿಯದಿರುವುದಕ್ಕೆ ಆ್ಯಂಟಿಬಯೋಟಿಕ್ ಬೇಕೇ?

ಎರಡು ತಿಂಗಳ ಹಿಂದಿನ ಶೀತದ ಬಳಿಕ ಶಂಕರಪುರ ಮಲ್ಲಿಗೆಯ ಪರಿಮಳವೂ ತಿಳಿಯುತ್ತಿಲ್ಲ, ಮೂಗಿನ ಬ್ಯಾಕ್ಟೀರಿಯಾಕ್ಕೂ ವಾಸನೆಗೂ ನಂಟಿದೆಯೆಂದು ಓದಿದೆ, ಆ್ಯಂಟಿಬಯೋಟಿಕ್ ನುಂಗಲೇ ಎಂದು ಉಡುಪಿಯಿಂದ ನೀವು ಕೇಳಿದ್ದೀರಿ. ಇದಕ್ಕೆ ಕಾರಣ ಹೆಚ್ಚಾಗಿ ಬ್ಯಾಕ್ಟೀರಿಯಾ ಅಲ್ಲ, ಮೂಗಿನ ಮೇಲ್ಭಾಗದಲ್ಲಿ ವಾಸನೆ ಗ್ರಹಿಸುವ ಪದರಕ್ಕೆ ವೈರಸ್ ಮಾಡಿದ ಹಾನಿ. ಆದ್ದರಿಂದ ನೀವೇ ಆ್ಯಂಟಿಬಯೋಟಿಕ್ ತಂದು ನುಂಗುವ ಯೋಚನೆಯನ್ನು ದಯವಿಟ್ಟು ಬಿಡಿ. ಮೂಗಿನ ಬ್ಯಾಕ್ಟೀರಿಯಾಕ್ಕೂ ವಾಸನೆಗೂ ನಂಟಿದೆಯೆಂದು ನೀವು ಓದಿದ್ದು ಸುಳ್ಳಲ್ಲ. ಆಸ್ಟ್ರಿಯಾದ ಗ್ರಾಜ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಬ್ಯುಟಿರಿಕ್ ಆಮ್ಲ (ಹಳಸಿದ ಬೆಣ್ಣೆಯ ನಾತದ ಆಮ್ಲ) ತಯಾರಿಸುವ ಸೂಕ್ಷ್ಮಜೀವಿಗಳಿಗೂ ಕುಗ್ಗಿದ ಘ್ರಾಣಶಕ್ತಿಗೂ ಸಂಬಂಧವನ್ನು ಕಂಡಿತು. ಆದರೆ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ಆ್ಯಂಟಿಬಯೋಟಿಕ್ ಅಂತೂ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ.

ಮೊದಲು ಉಡುಪಿಯಲ್ಲೇ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ, ಮೂಗಿನೊಳಗೆ ದುರ್ಮಾಂಸವಾಗಲಿ ಸೈನಸ್ ಸೋಂಕಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಇಲ್ಲವಾದರೆ ಘ್ರಾಣಶಕ್ತಿಯನ್ನು ಮತ್ತೆ ಪಳಗಿಸಲು ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ ಇವನ್ನು ಬೆಳಿಗ್ಗೆ ಮತ್ತು ರಾತ್ರಿ, ಒಂದೊಂದನ್ನೂ ಸುಮಾರು 20 ಸೆಕೆಂಡು, ಅದರ ಪರಿಮಳವನ್ನು ನೆನಪಿಸಿಕೊಳ್ಳುತ್ತಾ ಮೂಸಿರಿ. ಹೀಗೆಯೇ ವಾಸನೆ ಕಳೆದುಕೊಂಡು ಈ ಅಭ್ಯಾಸ ಮಾಡಿದ ನನಗೂ ಮೊದಲ ತಿಂಗಳಲ್ಲಿ ಏನೂ ತಿಳಿಯಲಿಲ್ಲ, ಲವಂಗದ ವಾಸನೆ ಮಾತ್ರ ನಿಧಾನವಾಗಿ ಮರಳಿತು. ಎಲ್ಲರಿಗೂ ಪೂರ್ತಿ ಮರಳುತ್ತದೆಂದು ಹೇಳಲಾಗದು, ಆದರೂ ಕನಿಷ್ಠ 12 ವಾರ ಬಿಡದೆ ಮಾಡಿ. ಮೂಗು ಕಟ್ಟಿದ್ದರೆ ಉಪ್ಪುನೀರಿನಿಂದ ತೊಳೆಯಬಹುದು, ಆದರೆ ಬಾವಿನೀರನ್ನಾಗಲಿ ನಳ್ಳಿನೀರನ್ನಾಗಲಿ ಕುದಿಸಿ ಆರಿಸದೆ ಮೂಗಿಗೆ ಹಾಕಲೇಬೇಡಿ. ಗ್ಯಾಸ್ ಸೋರಿದರೂ ನಿಮಗೆ ತಿಳಿಯದ ಕಾರಣ, ರೆಗ್ಯುಲೇಟರನ್ನು ಪ್ರತಿ ರಾತ್ರಿ ಮುಚ್ಚಿಡಿ.