ಸಂಪಾದಕರ ಉತ್ತರ: ಹೀಬ್ರೂ, ಗ್ರೀಕ್ ಕಲಿತು ಏನಾಗಬೇಕು?

ಕಳೆದ ತಿಂಗಳು ಓದುಗರೊಬ್ಬರಿಂದ ನಾಲ್ಕು ಪುಟದ ಪತ್ರ ಬಂತು. ಅವರಿಗೆ ವಯಸ್ಸು 21. ಕ್ರೈಸ್ತ ಸಭೆಯ ಸೇವೆಗೆ ಹೋಗಬೇಕೆಂಬ ಕರೆ ಮನಸ್ಸಿನಲ್ಲಿ ಗಟ್ಟಿಯಾಗಿದೆ. ವಿಶ್ವವಿದ್ಯಾಲಯದಲ್ಲಿ ಬೈಬಲ್, ಅದರ ಮೂಲ ಭಾಷೆಗಳು (ಹಳೆಯ ಒಡಂಬಡಿಕೆಗೆ ಹೀಬ್ರೂ, ಹೊಸದಕ್ಕೆ ಗ್ರೀಕ್), ಸಭಾಸೇವೆ ಮೂರನ್ನೂ ಓದುವ ಆಸೆ. ಆದರೆ ಸಭೆಯ ಹಿರಿಯರು ಕೇಳಿದರಂತೆ: "ಪೇತ್ರ, ಯೋಹಾನ ಯಾವ ಕಾಲೇಜಿಗೆ ಹೋಗಿದ್ದರು?" ಗೆಳೆಯರ ರಾಗ ಬೇರೆ: "ಫೋನಿನಲ್ಲೇ ಎಲ್ಲ ಪದದ ಅರ್ಥ ಸಿಗುತ್ತೆ, ಸುಮ್ನೆ ಯಾಕೆ ವರ್ಷ ಹಾಳು ಮಾಡ್ಕೊಳ್ತೀಯ?" ಮೊದಲು ಯಾವ ಭಾಷೆ ಕಲಿಯಬೇಕು ಎಂದೂ ಕೇಳಿದ್ದಾರೆ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲು: "ಓದಿದರೆ ನಂಬಿಕೆ ಹೋಗಿಬಿಡುತ್ತಾ ಸರ್?"

ಪ್ರಿಯ ಓದುಗರೇ,

ಹಿರಿಯರ ಮಾತಿನಿಂದಲೇ ಶುರು ಮಾಡೋಣ. ಅವರ ಮಾತಿಗೆ ಆಧಾರ ಇದೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 4ನೇ ಅಧ್ಯಾಯದಲ್ಲಿ, ಯೇಸುವಿನ ಶಿಷ್ಯರಾದ ಪೇತ್ರ, ಯೋಹಾನರು ಓದುಬರಹ ಇಲ್ಲದ ಸಾಧಾರಣ ಜನ ಎಂದೇ ಬರೆದಿದೆ. ಓದಿದವರಿಗೆ ಮಾತ್ರ ದೇವರು ಸಿಗುತ್ತಾನೆ ಅಂತ ನಾನೂ ಹೇಳಲಾರೆ. ಆದರೆ ಅದೇ ಪುಸ್ತಕದ 8ನೇ ಅಧ್ಯಾಯಕ್ಕೆ ಬನ್ನಿ. ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದಾನೆ. ಫಿಲಿಪ್ಪ ಓಡಿಬಂದು ಕೇಳುತ್ತಾನೆ, ಓದುತ್ತಿರುವುದು ತಿಳಿಯುತ್ತಿದೆಯಾ ಅಂತ. ಗ್ರೀಕಿನಲ್ಲಿ ಈ ಪ್ರಶ್ನೆ ಪ್ರಾಸದ ಹಾಗೆ ಕೇಳಿಸುತ್ತದೆ. 'ಗಿನೋಸ್ಕೈಸ್' ಅಂದರೆ ತಿಳಿಯುತ್ತೀಯಾ, 'ಅನಾಗಿನೋಸ್ಕೈಸ್' ಅಂದರೆ ಓದುತ್ತೀಯ. ಒಂದರ ಹೊಟ್ಟೆಯೊಳಗೆ ಇನ್ನೊಂದಿದೆ. ಯಾರಾದರೂ ದಾರಿ ತೋರಿಸದಿದ್ದರೆ ಹೇಗೆ ತಿಳಿದೀತು ಎಂದು ಆ ಅಧಿಕಾರಿ ಉತ್ತರ ಕೊಡುತ್ತಾನೆ.

ಇನ್ನೂ ಒಂದು. ಪೇತ್ರನ ಮನೆಮಾತು ಅರಾಮಿಕ್. ಅವನ ಕಥೆ ಬರೆದಿಟ್ಟಿದ್ದು ಗ್ರೀಕಿನಲ್ಲಿ. ನಿಮ್ಮ ಹಿರಿಯರು ಅದನ್ನು ಕನ್ನಡದಲ್ಲಿ ಓದುತ್ತಾರೆ. ಅಂದರೆ ನಡುವೆ ಯಾರೋ ವ್ಯಾಕರಣದ ಪುಸ್ತಕ ಹಿಡಿದು ವರ್ಷಗಟ್ಟಲೆ ಕೂತಿದ್ದರು, ಅಲ್ವಾ? ಇದು ಹೊಸ ಚಾಳಿಯೂ ಅಲ್ಲ. 1311-12ರಲ್ಲಿ ಫ್ರಾನ್ಸಿನ ವಿಯೆನ್‌ನಲ್ಲಿ ಸೇರಿದ ಚರ್ಚ್ ಮಹಾಸಭೆ ಪ್ಯಾರಿಸ್, ಆಕ್ಸ್‌ಫರ್ಡ್, ಬೊಲೊನ್ಯ, ಸಲಮಾಂಕಗಳಲ್ಲಿ ಹೀಬ್ರೂ ಕಲಿಸಬೇಕೆಂದು ತೀರ್ಮಾನ ಮಾಡಿತ್ತು. ಡಚ್ ಪಂಡಿತ ಎರಾಸ್ಮಸ್ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಅದರ ಬೆನ್ನಿಗೇ 1522ರಲ್ಲಿ ಲೂಥರನ ಜರ್ಮನ್, 1526ರಲ್ಲಿ ಟಿಂಡೇಲನ ಇಂಗ್ಲಿಷ್ ಹೊಸ ಒಡಂಬಡಿಕೆ ಬಂದವು. ಸಾಮಾನ್ಯ ಜನರ ಕೈಗೆ ಬೈಬಲ್ ಬಂದಿದ್ದೇ ಈ ಓದಿನ ದಾರಿಯಲ್ಲಿ.

ಈಗ ಫೋನಿನ ವಿಷಯ. ಪದದ ಅರ್ಥ ಸಿಗುತ್ತದೆ, ನಿಜ. ಆದರೆ ಒಂದು ಪದ, ಒಂದು ಅರ್ಥ ಅಂತ ಹಿಡಿದು ಹೊರಟರೆ ಎಡವುವುದೂ ಅಲ್ಲೇ. ಅಪೊಸ್ತಲ ಪೌಲ ಸುವಾರ್ತೆಯನ್ನು ದೇವರ 'ದುನಾಮಿಸ್', ಅಂದರೆ ಬಲ, ಎಂದ. ಡೈನಮೈಟ್ ಎಂಬ ಪದ ಹುಟ್ಟಿದ್ದು ಅದರಿಂದ, ಹಾಗಾಗಿ ಸುವಾರ್ತೆ ಒಂದು ಸಿಡಿಮದ್ದು ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ. ಡೈನಮೈಟ್ ಕಂಡುಹಿಡಿದ ನೊಬೆಲ್ ಆ ಹೆಸರಿಟ್ಟಿದ್ದು 1867ರಲ್ಲಿ. ಪೌಲನಿಗೆ ಸಿಡಿಮದ್ದು ಗೊತ್ತೇ ಇರಲಿಲ್ಲ. ಒಂದು ವರ್ಷ ಸರಿಯಾಗಿ ಗ್ರೀಕ್ ಕಲಿತವರು ಈ ಮಾತು ಆಡುವುದಿಲ್ಲ.

ಪದಕ್ಕಿಂತ ಜಾಸ್ತಿ ಸಿಗುವುದು ವ್ಯಾಕರಣದಲ್ಲಿ. ಲೂಕ 22ರಲ್ಲಿ ಯೇಸು ಪೇತ್ರನಿಗೆ (ಅವನ ಇನ್ನೊಂದು ಹೆಸರು ಸೀಮೋನ), ಸೀಮೋನನೇ, ಸೈತಾನನು ನಿಮ್ಮನ್ನು ಗೋಧಿಯ ಹಾಗೆ ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆ, ಆದರೆ ನಾನು ನಿನಗಾಗಿ ಬೇಡಿಕೊಂಡೆ, ಅನ್ನುತ್ತಾನೆ. ಮೊದಲು 'ನಿಮ್ಮನ್ನು', ಆಮೇಲೆ 'ನಿನಗಾಗಿ'. ಕಷ್ಟ ಎಲ್ಲ ಶಿಷ್ಯರಿಗೂ ಬರುತ್ತದೆ, ಪ್ರಾರ್ಥನೆ ಮಾತ್ರ ಮುಗ್ಗರಿಸಲಿರುವ ಆ ಒಬ್ಬನ ಹೆಸರಿನಲ್ಲಿ. ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಹಾಗಾಗಿ ಇದು ಮರೆಯಾಗುತ್ತದೆ. ಗ್ರೀಕಿನಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಕನ್ನಡದವರಿಗೆ 'ನೀನು', 'ನೀವು' ಎರಡೂ ಇರುವುದರಿಂದ ಇದು ತಟ್ಟನೆ ಹೊಳೆಯುತ್ತದೆ. ಕ್ಲಾಸಿನಲ್ಲಿ ಇದು ನಿಮಗೆ ದೊಡ್ಡ ಅನುಕೂಲ.

ಹೀಬ್ರೂ ಕಥೆ ಬೇರೆ. ಬಲದಿಂದ ಎಡಕ್ಕೆ ಬರವಣಿಗೆ, 22 ವ್ಯಂಜನಗಳು, ಹೆಚ್ಚಿನ ಪದಗಳಿಗೆ ಮೂರಕ್ಷರದ ಬೇರು. ಹಳೆಯ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಗಳೇ ಇಲ್ಲ. ಅವನ್ನು ಮಸೋರೆಟ್ ಎಂಬ ಯೆಹೂದಿ ಪಂಡಿತರು ಶತಮಾನಗಳ ನಂತರ ಸೇರಿಸಿದರು. ವಿಮೋಚನಕಾಂಡ 34ರಲ್ಲಿ ಮೋಶೆ ಬೆಟ್ಟದಿಂದ ಇಳಿದಾಗ ಅವನ ಮುಖ 'ಕಾರನ್' ಆಯಿತು, ಅಂದರೆ ಹೊಳೆಯಿತು. ಅದೇ ಮೂರು ವ್ಯಂಜನಗಳನ್ನು 'ಕೆರೆನ್' ಎಂದು ಓದಿದರೆ ಕೊಂಬು. ಪಂಡಿತ ಜೆರೋಮ್ ಬೈಬಲನ್ನು ಲ್ಯಾಟಿನ್‌ಗೆ ತಂದಾಗ ಕೊಂಬಿನ ಅರ್ಥ ಹಿಡಿದ. ರೋಮ್‌ನಲ್ಲಿ ಮಿಕೆಲಾಂಜೆಲೊ ಕೆತ್ತಿದ ಮೋಶೆಯ ತಲೆಯ ಮೇಲೆ ಆ ಎರಡು ಕೊಂಬು ಇವತ್ತಿಗೂ ಇವೆ. ಇನ್ನು ದಾನಿಯೇಲ 2:4ಕ್ಕೆ ಬಂದರೆ ವಚನದ ನಡುವೆಯೇ ಹೀಬ್ರೂ ನಿಂತು ಅರಾಮಿಕ್ ಶುರುವಾಗುತ್ತದೆ, 7ನೇ ಅಧ್ಯಾಯದ ಕೊನೆವರೆಗೂ ಅದೇ. ಅನುವಾದದಲ್ಲಿ ಓದುವಾಗ ಭಾಷೆ ಬದಲಾದದ್ದು ಕಿವಿಗೆ ಬೀಳುವುದಿಲ್ಲ.

ಕಲಿಕೆ ಸುಲಭ ಅಂತ ಹೇಳಿ ನಿಮ್ಮನ್ನು ನಂಬಿಸಲಾರೆ. ಗ್ರೀಕಿನಲ್ಲಿ ಮೊದಲ ಕ್ರಿಯಾಪದ 'ಲೂಓ', ಬಿಚ್ಚುತ್ತೇನೆ. ಹೀಬ್ರೂವಿನಲ್ಲಿ ಹಳೆಯ ಪದ್ಧತಿಯ ಪಾಠ 'ಕಾತಲ್'ನಿಂದ, ಅಂದರೆ ಕೊಂದನು. ಬೈಬಲಿನಲ್ಲಿ ಆ ಪದ ತೀರಾ ಅಪರೂಪ, ಆದರೆ ರೂಪ ಬದಲಾಗುವಾಗ ಅದರ ಮೂರಕ್ಷರ ಅಲುಗುವುದಿಲ್ಲ. ಅದಕ್ಕೇ ಮಕ್ಕಳ ಹಾಗೆ ಅದನ್ನೇ ನೂರು ಸಲ ಬರೆಯಬೇಕು. ಮೂರನೇ ತಿಂಗಳಲ್ಲಿ ಅಳು ಬರುತ್ತದೆ, ನನಗೆ ಬಂದಿತ್ತು. ಧೈರ್ಯಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಹೊಸ ಒಡಂಬಡಿಕೆಯಲ್ಲಿ ಸುಮಾರು 5,400 ಬೇರೆ ಬೇರೆ ಪದಗಳಿವೆ. ಅವುಗಳಲ್ಲಿ 50 ಸಲಕ್ಕಿಂತ ಕಡಿಮೆ ಇಲ್ಲದಂತೆ ಬರುವವು 300 ಚಿಲ್ಲರೆ ಮಾತ್ರ. ಆ 300 ಕೈಗೆ ಬಂದರೆ ಪುಟದ ಮೇಲಿನ ಹೆಚ್ಚುಕಡಿಮೆ ನೂರಕ್ಕೆ 80 ಪದಗಳು ಪರಿಚಯದವು.

ನಂಬಿಕೆಯ ಪ್ರಶ್ನೆಯನ್ನು ಸಣ್ಣ ಅಕ್ಷರದಲ್ಲಿ ಯಾಕೆ ಬರೆದಿರಿ? ಅದೇ ದೊಡ್ಡ ಪ್ರಶ್ನೆ. ವಿಶ್ವವಿದ್ಯಾಲಯ ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯಲ್ಲ. ಎಷ್ಟೋ ವಿಭಾಗಗಳಲ್ಲಿ ಪಾಠ ಹೇಳುವವರಿಗೆ ನಂಬಿಕೆ ಇರಲೇಬೇಕೆಂಬ ನಿಯಮ ಇಲ್ಲ. "ನನಗೆ ಹಾಗೆ ಅನಿಸಿತು" ಎಂಬ ಉತ್ತರಕ್ಕೆ ಅಂಕವೂ ಇಲ್ಲ. ಮೊದಲ ವರ್ಷವೇ ನಿಮಗೆ ತೋರಿಸುತ್ತಾರೆ: 4ನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಾದ ಸಿನಾಯ್ ಕೋಡೆಕ್ಸ್ ಮತ್ತು ವ್ಯಾಟಿಕನ್ ಕೋಡೆಕ್ಸ್‌ಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ನಿಲ್ಲುತ್ತದೆ. ಹೆಂಗಸರು ಯೇಸುವಿನ ಸಮಾಧಿಯಿಂದ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ, ಯಾಕೆಂದರೆ ಹೆದರಿದ್ದರು. ಅಷ್ಟೇ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದ ಉಳಿದ 12 ವಚನ ಅಲ್ಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ. ಆದರೆ ಅದೇ ವಾರ ಆ ಎಂಟನೇ ವಚನವನ್ನು ಗ್ರೀಕಿನಲ್ಲಿ ಮತ್ತೆ ಮತ್ತೆ ಓದಿದೆ. ಆ ಹೆಂಗಸರ ನಡುಕ ಮೊದಲ ಸಲ ನನಗೆ ತಟ್ಟಿತು. ಬಾಯಿಪಾಠದ ವಚನಗಳಿಂದ ಅದು ಎಂದೂ ಸಿಕ್ಕಿರಲಿಲ್ಲ.

ನನ್ನ ಜೊತೆ ಓದಿದ ಇಬ್ಬರು ನಂಬಿಕೆ ಬಿಟ್ಟರು. ಅವರು ಒಳ್ಳೆಯವರು, ಪ್ರಾಮಾಣಿಕರು. ಹಾಗಾಗಿ ನಿಮಗೆ ಏನೂ ಆಗಲ್ಲ ಅಂತ ಮಾತು ಕೊಡಲಾರೆ. ಒಂದು ಮಾತ್ರ ನೋಡಿದ್ದೇನೆ: ಒಬ್ಬರೇ ರೂಮಿನಲ್ಲಿ ಕೂತು ಕೊರಗಿದವರಿಗೆ ಕಷ್ಟ ಜಾಸ್ತಿಯಾಯಿತು. ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಗುರು, ಪ್ರತಿ ವಾರ ಹೋಗಲು ಒಂದು ಸಭೆ ಇದ್ದವರು ಹೆಚ್ಚಾಗಿ ತಡೆದುಕೊಂಡರು. ನಿಮ್ಮ ಹಿರಿಯರನ್ನು ಕೈಬಿಡಬೇಡಿ ಅನ್ನುವುದು ಅದಕ್ಕೇ.

ಇನ್ನು ಸೇವೆಯ ತರಬೇತಿ. 1925ರಲ್ಲಿ ಅಮೆರಿಕದ ವೂಸ್ಟರ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ಥಿಯಾಲಜಿ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದ. ಅವನೇ ಹಿಂದೆ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವನು. ಪುಸ್ತಕ ಓದುವಷ್ಟೇ ಗಮನದಿಂದ ಮನುಷ್ಯರನ್ನು ಓದಬೇಕು ಅನ್ನುವುದು ಅವನ ನಿಲುವು. ಆ ಪದ್ಧತಿಯಲ್ಲಿ 'ವರ್ಬಾಟಿಮ್' ಎಂಬ ಅಭ್ಯಾಸ ಬೆಳೆಯಿತು. ರೋಗಿಯ ಜೊತೆ ಆಡಿದ ಮಾತನ್ನು ಹೊರಗೆ ಬಂದು ನೆನಪಿನಿಂದ ಸಾಲು ಸಾಲಾಗಿ ಬರೆಯಬೇಕು. ಅವರು ಹೇಳಿದ್ದು, ನಾನು ಹೇಳಿದ್ದು, ನಡುವಿನ ಮೌನ, ಎಲ್ಲ. ಆಮೇಲೆ ಗುಂಪಿನಲ್ಲಿ ಅದನ್ನು ಓದಬೇಕು.

ನನ್ನ ಎರಡನೇ ವರ್ಬಾಟಿಮ್ ಇನ್ನೂ ಇಟ್ಟುಕೊಂಡಿದ್ದೇನೆ. ಹುಟ್ಟಿ ಮೂರು ದಿನಕ್ಕೆ ಮಗುವನ್ನು ಕಳೆದುಕೊಂಡ ತಾಯಿ. "ಉಸಿರು ಬಿಟ್ಟ ಹಾಗೆ, ಬಂತು ಹೋಯ್ತು" ಅಂದರು. ನಾನು ತಕ್ಷಣ ಒಂದು ಸಾಂತ್ವನದ ವಚನ ಹೇಳಿದೆ, ಪ್ರಾರ್ಥನೆ ಮಾಡಿದೆ, ಎದ್ದು ಬಂದೆ. ಗುಂಪಿನಲ್ಲಿ ಓದಿ ಮುಗಿಸಿದಾಗ ಮೇಲ್ವಿಚಾರಕರು ಒಂದೇ ಪ್ರಶ್ನೆ ಕೇಳಿದರು: "ಆ ತಾಯಿ ಏನು ಹೇಳಿದರು?" ಹಾಳೆ ನೋಡಿ ಮತ್ತೆ ಓದಿದೆ. ಗಂಟಲು ಕಟ್ಟಿತು. ಅದೇ ತಿಂಗಳು ನಾವು ಹೀಬ್ರೂವಿನಲ್ಲಿ ಹಳೆಯ ಒಡಂಬಡಿಕೆಯ ಪ್ರಸಂಗಿ ಪುಸ್ತಕ ಓದುತ್ತಿದ್ದೆವು. 'ವ್ಯರ್ಥ' ಎಂದು ಕನ್ನಡದಲ್ಲಿ ಓದುವ ಪದ ಅಲ್ಲಿ 'ಹೆವೆಲ್', ಅಂದರೆ ಉಸಿರು, ಆವಿ. ಆ ಪುಸ್ತಕದಲ್ಲಿ 38 ಸಲ ಬರುತ್ತದೆ. ಆದಿಕಾಂಡದಲ್ಲಿ ಆದಾಮನ ಮಗ ಹೇಬೆಲನ ಹೆಸರೂ ಅದೇ. ಬಂದು, ಹೆಚ್ಚು ಬಾಳದೆ ಹೋದ ಮಗ. ಪದದ ಬಗ್ಗೆ ಎರಡು ಪುಟ ಟಿಪ್ಪಣಿ ಬರೆದಿದ್ದ ನನಗೆ, ಅದೇ ಮಾತನ್ನು ಹಾಸಿಗೆಯಲ್ಲಿ ಮಲಗಿದ್ದ ಹೆಂಗಸು ಹೇಳಿದಾಗ ಕೇಳಿಸಿರಲಿಲ್ಲ. ಮರುದಿನ ಬೆಳಿಗ್ಗೆ ವಾರ್ಡಿಗೆ ಓಡಿದೆ. ಅವರನ್ನು ಮನೆಗೆ ಕಳಿಸಿಯಾಗಿತ್ತು.

ಆದ್ದರಿಂದ ಸೇರುವ ಮೊದಲು ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ವ್ಯಾಕರಣ ಮುಗಿದ ಮೇಲೆ ಎಷ್ಟು ಸೆಮಿಸ್ಟರ್ ಮೂಲ ಪಠ್ಯ ಓದಿಸುತ್ತಾರೆ? ಬರೀ ಒಂದು ವರ್ಷದ ವ್ಯಾಕರಣ ಆದರೆ ಮರೆತುಹೋಗುತ್ತದೆ. ಆಸ್ಪತ್ರೆಯಲ್ಲೋ ಜೈಲಿನಲ್ಲೋ ಮೇಲ್ವಿಚಾರಣೆಯ ತರಬೇತಿ ಇದೆಯಾ? ಇಲ್ಲದಿದ್ದರೆ ಬೇರೆ ಕೋರ್ಸ್ ಹುಡುಕಿ.

ಯಾವ ಭಾಷೆ ಮೊದಲು ಅಂದಿರಲ್ಲ, ಗ್ರೀಕ್ ತಗೊಳ್ಳಿ. ಅದರ ವ್ಯಾಕರಣದ ಜೊತೆ ಸ್ವಲ್ಪ ಸಲಿಗೆ ಬಂದಮೇಲೆ ಎರಡನೇ ವರ್ಷ ಹೀಬ್ರೂ. ಗ್ರೀಕಿನಲ್ಲಿ ಯೋಹಾನನ ಮೊದಲ ಪತ್ರಿಕೆಯಿಂದ, ಹೀಬ್ರೂವಿನಲ್ಲಿ ಯೋನ ಅಥವಾ ರೂತಳಿಂದ ಓದು ಶುರು ಮಾಡಿ, ಭಾಷೆ ತಿಳಿಯಾಗಿದೆ. ತರಗತಿ ಶುರುವಾಗುವ ಮೊದಲೇ ಗ್ರೀಕಿನ 24 ಅಕ್ಷರ ಬರೆಯಲು ಕೈ ಪಳಗಿರಲಿ.