ಬಾಡಿಗೆ ಕೋಣೆಯಲ್ಲಿ ಸ್ವಂತ ಸ್ಟುಡಿಯೋ

ಕೋಲಾರದಲ್ಲಿ ಸಹಪಾಠಿಯೊಂದಿಗೆ ಒಂದೇ ಕೋಣೆಯಲ್ಲಿರುವ ನೀವು, ಚಿತ್ರಕಲಾ ತರಗತಿಯ ಅಸೈನ್‌ಮೆಂಟ್‌ಗಳಾಚೆ ಸ್ವಂತ ಕೆಲಸ ಬೆಳೆಸಲು ಪ್ರತ್ಯೇಕ ಸ್ಟುಡಿಯೋ ಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಆ ದುಡ್ಡನ್ನು ಕಾಗದಕ್ಕೂ ಬಣ್ಣಕ್ಕೂ ಹಾಕಿ. ಆದರೆ ಒಂದು ಗೋಡೆಯನ್ನಾದರೂ ನಿಮ್ಮದಾಗಿಸಿಕೊಳ್ಳಿ. ಅರ್ಧ ಮುಗಿದ ಚಿತ್ರ ದಿನವೂ ಕಣ್ಣಿಗೆ ಬೀಳುತ್ತಿರಬೇಕು. ಸುತ್ತಿಟ್ಟರೆ ಮರೆತೇ ಹೋಗುತ್ತದೆ.

ಮಲಗುವ ಕೋಣೆಯಲ್ಲಿ ತೈಲವರ್ಣ ಬೇಡವೇ ಬೇಡ. ಟರ್ಪೆಂಟೈನ್ ಆವಿ ಒಂದು ತೊಂದರೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಜಲವರ್ಣ, ಅಕ್ರಿಲಿಕ್ ಸಾಕು. ನನ್ನನ್ನು ಕೇಳಿದರೆ ಲಿನೋಕಟ್, ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ ಅಚ್ಚು ತೆಗೆಯುವುದು, ಇನ್ನೂ ಒಳ್ಳೆಯದು: ಯಂತ್ರವಿಲ್ಲದೆಯೂ, ಮಸಿ ಹಚ್ಚಿದ ಅಚ್ಚಿನ ಮೇಲೆ ತೆಳು ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಚಿತ್ರ ಮೂಡುತ್ತದೆ.

ವಿಷಯಕ್ಕಾಗಿ ಬೆಂಗಳೂರಿನತ್ತ ನೋಡಬೇಡಿ. ಅಂತರಗಂಗೆ ಬೆಟ್ಟದ ಬಂಡೆಗಳಿವೆ, 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ಸಯನೈಡ್ ದಿಬ್ಬಗಳಿವೆ (ಚಿನ್ನ ತೆಗೆದ ಮೇಲೆ ಉಳಿದ ತ್ಯಾಜ್ಯದ ರಾಶಿಗಳು), ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳಿದ್ದಾರೆ. (ಅಲ್ಲಿಗೆ ಹೋದರೆ ಮುಗಿದ ವಿಗ್ರಹಕ್ಕಿಂತ ಉಳಿ ಹಿಡಿದ ಕೈಗಳನ್ನು ನೋಡಿ.) ಒಂದನ್ನೇ ಆರಿಸಿ, ಒಂದು ಸೆಮಿಸ್ಟರ್ ಪೂರ್ತಿ ಅದನ್ನು ಬಿಡಬೇಡಿ. ಬೇಸರ ಬಂದ ಮೇಲೆ ಮಾಡುವ ಚಿತ್ರಗಳೇ ಸಾಮಾನ್ಯವಾಗಿ ನಿಮ್ಮವು. ಅದಕ್ಕೂ ಮೊದಲಿನವು ಮೇಷ್ಟ್ರವು.

ಪ್ರತಿ ಕೃತಿಯ ಹಿಂಬದಿಗೆ ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ ಬರೆದು, ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಡಿ. ಪ್ರದರ್ಶನಕ್ಕೆ ಅರ್ಜಿ ಹಾಕುವಾಗ ಇವೇ ಬೇಕಾಗುತ್ತವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಕಲಾಮೇಳ ಚಿತ್ರಸಂತೆಗೆ ಮೊದಲು ನೋಡುಗರಾಗಿ ಹೋಗಿ ಬನ್ನಿ, ಮಳಿಗೆಯ ಯೋಚನೆ ಆಮೇಲೆ.